ತೊಕ್ಕಿಗೆ ನೀರು ಬೇಡ

ಟೊಮ್ಯಾಟೊ ತೊಕ್ಕಿನ ಬರಹ ಚೆನ್ನಾಗಿದೆ. ಆದರೆ ಬೇಯಿಸುವಾಗ ಅರ್ಧ ಲೋಟ ನೀರು ಹಾಕಿ ಅಂತ ಬರೆದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಹಣ್ಣಿನಲ್ಲೇ ನೂರಕ್ಕೆ 90ಕ್ಕಿಂತ ಜಾಸ್ತಿ ನೀರಿದೆ. ಅದನ್ನು ಓಡಿಸುವುದೇ ತೊಕ್ಕಿನ ಕೆಲಸ ಅಲ್ವಾ?

ನಮ್ಮ ದಾವಣಗೆರೆ ಕಡೆ ಸಿಗುವ ಜವಾರಿ ಹಣ್ಣು ತಗೊಳ್ಳಿ. ಹುಳಿ ಚೆನ್ನಾಗಿರುತ್ತದೆ. ದಪ್ಪ ಸಿಪ್ಪೆಯ ಹೈಬ್ರಿಡ್ ಆದರೆ ಹುಣಸೆಹಣ್ಣು ಸ್ವಲ್ಪ ಹೆಚ್ಚು ಬೇಕು. ಒಂದು ಕೆಜಿ ಹಣ್ಣಿಗೆ ನಿಂಬೆ ಗಾತ್ರದ ಹುಣಸೆ ಸಾಕು. ಅದನ್ನೂ ನೆನೆಸಬೇಡಿ, ಹಣ್ಣಿನ ಜೊತೆಗೇ ಬೇಯಲಿ, ಆಮೇಲೆ ಒಟ್ಟಿಗೆ ರುಬ್ಬಿ.

ಎಣ್ಣೆಗೆ ಕೈ ಹಿಡಿಯಬೇಡಿ. ಪಕ್ಕದ ಚಳ್ಳಕೆರೆಯಲ್ಲಿ ಅಷ್ಟೊಂದು ಎಣ್ಣೆ ಮಿಲ್ಲು ಇಟ್ಟುಕೊಂಡು ಎರಡು ಚಮಚ ಲೆಕ್ಕ ಹಾಕಿದರೆ ಹೇಗೆ! ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಇಂಗು ಸಿಡಿಸಿ, ರುಬ್ಬಿದ್ದನ್ನು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ಅಂಚಿನಲ್ಲಿ ಎಣ್ಣೆ ಬಿಡುವ ತನಕ ಇಳಿಸಬೇಡಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡೂ ಬೆರೆಸಿದ ಪುಡಿ ಒಳ್ಳೆಯದು.

ಮೆಂತ್ಯದ ಪುಡಿ ಮಾತ್ರ ಕೊನೆಯಲ್ಲಿ. ಮೆಂತ್ಯ ಘಮ್ಮೆಂದ ಕೂಡಲೇ ಬಾಣಲೆ ಇಳಿಸಿ, ಕಪ್ಪಾದರೆ ಇಡೀ ತೊಕ್ಕೇ ಕಹಿ. ಬೆಲ್ಲ ಬೇಕಾದವರಿಗೆ, ನನಗೆ ಬೇಡ.

ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ, ಫ್ರಿಜ್‌ನಲ್ಲಿ ಇಡಿ. ಒದ್ದೆ ಚಮಚ ಹಾಕುವವರನ್ನು ದೂರ ಇಡಿ. ಜೋಳದ ರೊಟ್ಟಿಗೆ, ಬಿಸಿ ಅನ್ನಕ್ಕೆ, ಅವಸರದಲ್ಲಿ ಮಂಡಕ್ಕಿಗೂ ಕಲಸಿಕೊಳ್ಳಬಹುದು.