ಗುಲಾಮಗಿರಿ, ಯುದ್ಧಗಳ ಕುರಿತ ಮಕ್ಕಳ ಕಾದಂಬರಿ: ಇತಿಹಾಸಕ್ಕೆ ನಿಷ್ಠೆ ಕಡ್ಡಾಯವೇ?

ಪರ: ಮಗುವಿನ ಕೈಗೆ ಎರಡನೆಯ ಪುಸ್ತಕ ಬರುವುದಿಲ್ಲ
(ಲೇಖಕಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ)

ಕಥೆಯಲ್ಲಿ ಇತಿಹಾಸ ಸ್ವಲ್ಪ ಆಚೀಚೆಯಾದರೆ ಮಕ್ಕಳಿಗೇನು ನಷ್ಟ ಎಂದು ಕೇಳುವವರಿಗೆ ನಾನು ಹರ್ಕ್ಯುಲಿಸ್ ಎಂಬ ಬಾಣಸಿಗನ ಸಂಗತಿಯನ್ನು ಹೇಳುತ್ತೇನೆ. ಆತ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಗುಲಾಮ. ಫಿಲಡೆಲ್ಫಿಯದಲ್ಲಿದ್ದ ಅಧ್ಯಕ್ಷರ ಮನೆಯ ಅಡುಗೆಯೆಲ್ಲ ಆತನ ಉಸ್ತುವಾರಿಯಲ್ಲಿತ್ತು. ಹೊರರಾಜ್ಯದಿಂದ ಕರೆತಂದ ಗುಲಾಮರು ಪೆನ್ಸಿಲ್ವೇನಿಯದಲ್ಲಿ ಸತತ ಆರು ತಿಂಗಳು ಉಳಿದರೆ ಬಿಡುಗಡೆ ಕೇಳಬಹುದು ಎಂದು ಅಲ್ಲಿನ ಕಾನೂನು ಹೇಳುತ್ತಿತ್ತು; ಆ ಅವಧಿ ತುಂಬದಂತೆ ಅವರನ್ನು ಆಗಾಗ ಗಡಿಯಾಚೆಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳುವ ಏರ್ಪಾಡನ್ನು ವಾಷಿಂಗ್ಟನ್ ಮಾಡಿಕೊಂಡಿದ್ದರು. ಕೊನೆಗೆ ಹರ್ಕ್ಯುಲಿಸ್‌ನನ್ನು ವರ್ಜೀನಿಯದ ಮೌಂಟ್ ವರ್ನನ್ ಎಸ್ಟೇಟಿಗೆ ಸಾಗಿಸಿ ಕಲ್ಲು ಒಡೆಯುವ, ಮಣ್ಣು ಅಗೆಯುವ ಕೆಲಸಕ್ಕೆ ಹಚ್ಚಲಾಯಿತು. 1797ರ ಫೆಬ್ರುವರಿ 22ರಂದು, ವಾಷಿಂಗ್ಟನ್ನರ 65ನೆಯ ಹುಟ್ಟುಹಬ್ಬದ ದಿನವೇ, ಮಕ್ಕಳನ್ನು ಹಿಂದೆ ಬಿಟ್ಟು ಆತ ಅಲ್ಲಿಂದ ತಪ್ಪಿಸಿಕೊಂಡ.

2016ರ ಜನವರಿಯಲ್ಲಿ ಸ್ಕೊಲಾಸ್ಟಿಕ್ ಸಂಸ್ಥೆ ಇದೇ ಹರ್ಕ್ಯುಲಿಸ್‌ನನ್ನು ಕುರಿತು ಚಿಕ್ಕ ಮಕ್ಕಳಿಗೊಂದು ಚಿತ್ರಪುಸ್ತಕ ಹೊರತಂದಿತು. ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕು, ಮನೆಯಲ್ಲಿ ಸಕ್ಕರೆ ಮುಗಿದಿದೆ ಎಂಬುದೇ ಆ ಕಥೆಯ ದೊಡ್ಡ ಸಂಕಟ. ಚಿತ್ರಗಳಲ್ಲಿ ಅಪ್ಪ, ಮಗಳು ಇಬ್ಬರೂ ನಗುಮುಖದಲ್ಲಿದ್ದಾರೆ. ಟೀಕೆಗಳ ಸುರಿಮಳೆಯಾದ ಮೇಲೆ ಕೆಲವೇ ದಿನಗಳಲ್ಲಿ ಪ್ರಕಾಶಕರು ಪುಸ್ತಕವನ್ನು ಹಿಂದಕ್ಕೆ ಪಡೆದರು. ಆತ ಓಡಿಹೋದ ವಿಷಯವನ್ನು ಕೊನೆಯಲ್ಲಿ ಟಿಪ್ಪಣಿಯಾಗಿ ಹೇಳಿತ್ತಲ್ಲ ಎಂದು ವಾದಿಸಿದವರಿದ್ದರು. ಐದು ವರ್ಷದ ಮಗು ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದುವುದಿಲ್ಲ, ಅದು ನಗುವ ಮುಖವನ್ನು ನೋಡುತ್ತದೆ. ಸ್ವತಃ ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರ ತಮ್ಮ ಆತ್ಮಕಥನದಲ್ಲಿಯೇ ಈ ಬಗ್ಗೆ ಎಚ್ಚರಿಸಿದ್ದರು: ಗುಲಾಮರು ಹಾಡುವುದನ್ನು ಕೇಳಿ ಅವರು ಸುಖವಾಗಿದ್ದಾರೆಂದು ಅಮೆರಿಕದ ಉತ್ತರ ರಾಜ್ಯಗಳ ಜನ ನಂಬುವುದು ಅವರಿಗೆ ದಿಗ್ಭ್ರಮೆ ಹುಟ್ಟಿಸಿತ್ತು, ಏಕೆಂದರೆ ಗುಲಾಮ ಅತಿ ಹೆಚ್ಚು ಹಾಡುವುದು ಅತಿ ದುಃಖದಲ್ಲಿರುವಾಗ ಎಂಬುದು ಅವರ ಅನುಭವ.

ನನ್ನ ವಾದದ ತಿರುಳು ಇಷ್ಟೇ. ದೊಡ್ಡವರು ಐತಿಹಾಸಿಕ ಕಾದಂಬರಿ ಓದುವಾಗ ಅವರ ತಲೆಯಲ್ಲಿ ಅದೇ ವಿಷಯದ ಬಗ್ಗೆ ಬೇರೆ ಓದು, ಬೇರೆ ಮಾತು, ಬೇರೆ ಚಿತ್ರಗಳು ಇರುತ್ತವೆ. ಲೇಖಕ ಎಲ್ಲಿ ಸ್ವಾತಂತ್ರ್ಯ ತೆಗೆದುಕೊಂಡ ಎಂಬುದು ಅವರಿಗೆ ಗೊತ್ತಾಗುತ್ತದೆ. ಮಗುವಿಗೆ ಆ ಕಾದಂಬರಿಯೇ ಮೊದಲ ತಿಳಿವಳಿಕೆ, ಬಹಳಷ್ಟು ಸಲ ಅದೇ ಕೊನೆಯದೂ ಹೌದು. ಇದು ನಮ್ಮಲ್ಲಿ ಇನ್ನೂ ಹೆಚ್ಚು ನಿಜ. ಬರ್ಲಿನ್ನಿನ ಮಗುವಿಗೆ ಬೀದಿಯಲ್ಲೇ ಸ್ಮಾರಕಗಳಿವೆ. ಅಮೆರಿಕದ ಕಪ್ಪು ಮಗುವಿಗೆ ಮನೆಯ ಹಿರಿಯರ ನೆನಪುಗಳಿವೆ. ಧಾರವಾಡದಲ್ಲೋ ಹಾಸನದಲ್ಲೋ ಕುಳಿತು, ಹಿಟ್ಲರನ ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಆಶ್ವಿಟ್ಜ್ ಶಿಬಿರದ ಬಗ್ಗೆ ಓದುವ ಮಗುವಿಗೆ ಪಠ್ಯದ ಕೆಲವು ಪುಟಗಳ ಹೊರತು ಬೇರೆ ಆಸರೆಯಿಲ್ಲ. ಅದರ ಕೈಗೆ ಎರಡನೆಯ ಪುಸ್ತಕ ಬರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಮೊದಲನೆಯದನ್ನು ಬರೆಯಬೇಕು.

ಇಂಗ್ಲಿಷಿನಲ್ಲಿ ಓದುವ ನಮ್ಮ ಮಕ್ಕಳ ಕೈಗೂ ಜಾನ್ ಬಾಯ್ನ್ ಅವರ 'ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್' ಬಂದಿದೆ. 2006ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಸಂಹಾರ ಶಿಬಿರದ ಮುಖ್ಯಾಧಿಕಾರಿಯ ಮಗ, ಒಂಬತ್ತು ವರ್ಷದ ಬ್ರೂನೋ, ಬೇಲಿಯಾಚೆ ಕುಳಿತಿರುವ ಯಹೂದಿ ಹುಡುಗ ಶ್ಮೂಯೆಲ್‌ನ ಗೆಳೆತನ ಮಾಡುತ್ತಾನೆ. ಬರ್ಲಿನ್ನಿನಲ್ಲಿ ಬೆಳೆದ, ಹಿರಿಯ ಅಧಿಕಾರಿಯೊಬ್ಬನ ಮಗನಿಗೆ ಯಹೂದಿಗಳೆಂದರೆ ಯಾರೆಂದೇ ಗೊತ್ತಿಲ್ಲ. 1938ರ ನವೆಂಬರಿನಲ್ಲಿ ಯಹೂದಿ ಮಕ್ಕಳನ್ನು ಜರ್ಮನ್ ಶಾಲೆಗಳಿಂದ ಹೊರಹಾಕಲಾಗಿತ್ತು. 1941ರ ಸೆಪ್ಟೆಂಬರಿನಿಂದ ಆರು ವರ್ಷ ದಾಟಿದ ಪ್ರತಿಯೊಬ್ಬ ಯಹೂದಿಯೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಬೀದಿಗಿಳಿಯಬೇಕಿತ್ತು. ಆ ನಗರದ ಹುಡುಗನಿಗೆ ಏನೂ ಗೊತ್ತಿರಲಿಲ್ಲವೆಂದು ಬರೆಯುವುದು, ಯುದ್ಧ ಮುಗಿದ ಮೇಲೆ 'ನಮಗೇನೂ ಗೊತ್ತಿರಲಿಲ್ಲ' ಎಂದ ದೊಡ್ಡವರ ಮಾತಿಗೆ ಮಗುವಿನ ಬಾಯಿಂದ ಸಾಕ್ಷಿ ಹೇಳಿಸಿದಂತೆ. ಆಶ್ವಿಟ್ಜ್ ಸ್ಮಾರಕದವರು 2020ರ ಜನವರಿಯಲ್ಲಿ, ಈ ಇತಿಹಾಸವನ್ನು ಓದುವವರು ಮತ್ತು ಕಲಿಸುವವರು ಈ ಪುಸ್ತಕವನ್ನು ದೂರವಿಡಬೇಕೆಂದು ಬಹಿರಂಗವಾಗಿಯೇ ಹೇಳಿದರು.

ಆ ಮಾತು ಕಠಿಣವಾಯಿತೆಂದು ಅನ್ನಿಸಿದವರಿಗೆ ನನ್ನ ತರಗತಿಯಲ್ಲಿ ನಡೆದದ್ದನ್ನು ಹೇಳಬೇಕು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಈ ಕಾದಂಬರಿಯನ್ನು ಓದಿ ಬಂದು, ಬಿಡುವಿನ ಅವಧಿಯಲ್ಲಿ ಇಡೀ ಕಥೆಯನ್ನು ಗೆಳತಿಯರಿಗೆ ಹೇಳಿದಳು. ಬಹಳ ಚೆನ್ನಾಗಿ ಹೇಳಿದಳು. ಕೊನೆಗೆ ಇಬ್ಬರು ಮೂವರ ಕಣ್ಣು ಒದ್ದೆಯಾಗಿದ್ದವು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಬ್ರೂನೋ ಬೇಲಿ ಕೆಳಗೆ ನುಸುಳಿ ಒಳಗೆ ಹೋದ ಅಂದ್ರೆ, ಆ ಹುಡುಗ ಅದೇ ದಾರೀಲಿ ಹೊರಗೆ ಯಾಕೆ ಬರ್ಲಿಲ್ಲ?" ಎಂದು ಕೇಳಿದ. ಯಾರಿಗೂ ಉತ್ತರ ಹೊಳೆಯಲಿಲ್ಲ. ಬಳಿಕ ಮತ್ತೊಬ್ಬ, "ಅವರಿಗೆ ಧೈರ್ಯ ಇರ್ಲಿಲ್ಲ ಅನ್ಸುತ್ತೆ ಮಿಸ್" ಎಂದ. ಉಳಿದವರು ತಲೆಯಾಡಿಸಿದರು.

ಆ ಮಕ್ಕಳದ್ದೇನೂ ತಪ್ಪಿಲ್ಲ. ಕಥೆ ಕೊಟ್ಟ ಸಂಗತಿಗಳಿಂದ ಬುದ್ಧಿವಂತ ಮಕ್ಕಳು ಬೇರೆ ಯಾವ ತೀರ್ಮಾನಕ್ಕೂ ಬರಲಾರರು. ನಿಜವಾದ ಆಶ್ವಿಟ್ಜ್‌ನ ಬೇಲಿಯಲ್ಲಿ ವಿದ್ಯುತ್ ಹರಿಯುತ್ತಿತ್ತು, ಕಾವಲು ಗೋಪುರಗಳಲ್ಲಿ ಬಂದೂಕುಗಳಿದ್ದವು. ಸಾಗಿಸಿ ತಂದ ಸುಮಾರು 2,32,000 ಮಕ್ಕಳು, ಕಿಶೋರರಲ್ಲಿ 2,16,000ದಷ್ಟು ಮಂದಿ ಯಹೂದಿಗಳು, ಅವರಲ್ಲಿ ಹೆಚ್ಚಿನವರನ್ನು ರೈಲಿನಿಂದ ಇಳಿಸಿದೊಡನೆಯೇ ಅನಿಲದ ಕೋಣೆಗೆ ಕಳುಹಿಸಲಾಯಿತು. ಕಾದಂಬರಿಕಾರರು ಕಥೆಯ ಅನುಕೂಲಕ್ಕಾಗಿ ಬೇಲಿಯನ್ನು ಸಡಿಲ ಮಾಡಿದರು. ಅದರ ಫಲವಾಗಿ ಸತ್ತವರೇ ಹೇಡಿಗಳಾದರು. ನಾನು ಅಂದಿನ ಪಾಠವನ್ನು ಬದಿಗಿಟ್ಟು, 1944ರ ಏಪ್ರಿಲಿನಲ್ಲಿ ರುಡಾಲ್ಫ್ ವ್ರ್ಬಾ ಮತ್ತು ಆಲ್ಫ್ರೆಡ್ ವೆಟ್ಸ್ಲರ್ ಸೌದೆಯ ರಾಶಿಯಡಿ ಮೂರು ದಿನ ಅಡಗಿದ್ದು ತಪ್ಪಿಸಿಕೊಂಡು, ಅಲ್ಲಿನ ಕೊಲೆಗಳ ವಿವರವನ್ನು ಹೊರಜಗತ್ತಿಗೆ ತಲುಪಿಸಿದ್ದನ್ನೂ, ಅದೇ ವರ್ಷ ಅಕ್ಟೋಬರಿನಲ್ಲಿ ಕೈದಿಗಳು ದಂಗೆಯೆದ್ದು ಒಂದು ದಹನಗೃಹವನ್ನು ಹಾಳುಗೆಡವಿದ್ದನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಗಂಟೆ ಹೊಡೆದ ಮೇಲೂ ಪ್ರಶ್ನೆ ಕೇಳುತ್ತಲೇ ಇದ್ದ. ನಿಜಸಂಗತಿ ಮಕ್ಕಳಿಗೆ ಬೇಸರ ತರುತ್ತದೆ ಎಂಬ ಮಾತನ್ನು ಅಂದಿನಿಂದ ನಾನು ಒಪ್ಪಿಲ್ಲ.

ಒಳ್ಳೆಯ ಉದ್ದೇಶದ ಉತ್ಪ್ರೇಕ್ಷೆಯೂ ಬೇಡ. ಹ್ಯಾರಿಯೆಟ್ ಟಬ್‌ಮನ್ 300 ಜನರನ್ನು ಗುಲಾಮಗಿರಿಯಿಂದ ಬಿಡಿಸಿ ತಂದರೆಂದು ಮಕ್ಕಳ ಪುಸ್ತಕಗಳು ತಲೆಮಾರುಗಳಿಂದ ಬರೆಯುತ್ತ ಬಂದವು. ಇತಿಹಾಸಕಾರರ ಲೆಕ್ಕದಲ್ಲಿ ಅದು ಸುಮಾರು 13 ಪಯಣಗಳಲ್ಲಿ ಸುಮಾರು 70 ಜನ. ತಲೆಗೆ ಪೆಟ್ಟು ಬಿದ್ದು ಎಲ್ಲೆಂದರಲ್ಲಿ ನಿದ್ದೆಗೆ ಜಾರುತ್ತಿದ್ದ, ಓದುಬರಹ ಬಾರದ ಹೆಣ್ಣೊಬ್ಬಳು ಹಿಡಿದರೆ ಮತ್ತೆ ಗುಲಾಮಳಾಗುವ ನೆಲಕ್ಕೆ ಅಷ್ಟು ಸಲ ಮರಳಿದ್ದು ಸಾಲದೆ?

ಮಕ್ಕಳಿಗೆ ಎಲ್ಲವನ್ನೂ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಲೋಯಿಸ್ ಲೌರಿ ಅವರು 1989ರ 'ನಂಬರ್ ದಿ ಸ್ಟಾರ್ಸ್' ಕಾದಂಬರಿಯಲ್ಲಿ ಶಿಬಿರದೊಳಕ್ಕೆ ಕಾಲಿಡುವುದೇ ಇಲ್ಲ. 1943ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಜನ ಸುಮಾರು 7,000 ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದ ಸಂಗತಿಯನ್ನು ಹತ್ತು ವರ್ಷದ ಹುಡುಗಿಯ ಕಣ್ಣಿನಲ್ಲಿ ಹೇಳುತ್ತಾರೆ. ದೋಣಿಗಳನ್ನು ಶೋಧಿಸುತ್ತಿದ್ದ ಜರ್ಮನ್ ಸೈನಿಕರ ನಾಯಿಗಳ ಮೂಗನ್ನು ಮಂಕುಮಾಡಲು ಮೀನುಗಾರರು ಔಷಧ ಸವರಿದ ಕರವಸ್ತ್ರ ಬಳಸುತ್ತಿದ್ದುದು ಕಟ್ಟುಕಥೆಯೆಂದು ತೋರಬಹುದಾದರೂ ಅದು ನಡೆದದ್ದೇ. ಡೆನ್ಮಾರ್ಕಿನ ರಾಜ ತಾನೂ ಹಳದಿ ನಕ್ಷತ್ರ ಧರಿಸಿದನೆಂಬ ಜನಪ್ರಿಯ ದಂತಕಥೆ ಮಾತ್ರ ನಡೆದದ್ದಲ್ಲ. ಅಲ್ಲಿನ ಯಹೂದಿಗಳಿಗೇ ಆ ಆಜ್ಞೆ ಬಂದಿರಲಿಲ್ಲ. ವಯಸ್ಸಿಗೆ ತಕ್ಕಂತೆ ಕೆಲವನ್ನು ಬಿಡುವುದು ಬೇರೆ, ಇಲ್ಲದ್ದನ್ನು ತುಂಬುವುದು ಬೇರೆ.

ದಾಖಲೆಗಳೇ ಅರೆಬರೆಯಾಗಿರುವಾಗ ನಿಷ್ಠೆ ಯಾವುದಕ್ಕೆ ಎಂಬ ಪ್ರಶ್ನೆ ಎತ್ತುವವರಿದ್ದಾರೆ. ಅದು ಸಂಶೋಧಕರು ಬಗೆಹರಿಸಿಕೊಳ್ಳಬೇಕಾದ ತೊಡಕು. ದಾಖಲೆ ಇದ್ದಲ್ಲಿಯೂ ತೆರೆದು ನೋಡದೆ ಬರೆದ ಪುಸ್ತಕಗಳೇ ಇಷ್ಟಿರುವಾಗ, ನಾನು ಕೇಳುತ್ತಿರುವುದು ಅವುಗಳ ಲೆಕ್ಕವನ್ನು.

ವಿರೋಧ: ಬರೆಯದೆ ಹೋದವರ ಕಥೆ ಯಾರು ಬರೆಯಬೇಕು?
(ಲೇಖಕರು ಮಕ್ಕಳಿಗಾಗಿ ಕಥೆ, ನಾಟಕಗಳನ್ನು ಬರೆಯುತ್ತಾರೆ)

ಈ ಪ್ರಶ್ನೆಯಲ್ಲಿ ವಿರೋಧದ ಪಕ್ಷ ನನ್ನ ಪಾಲಿಗೆ ಬಂದಿದೆ. ಅದನ್ನು ಪೂರ್ತಿಯಾಗಿ ನನ್ನದೆಂದು ಹೇಳಲಾರೆ. ಮಕ್ಕಳಿಗೆ ಸುಳ್ಳು ಹೇಳಬೇಕೆಂದು ವಾದಿಸುವುದು ನನ್ನಿಂದಾಗದು. ಆದರೆ ನಿಷ್ಠೆ ಕಡ್ಡಾಯ ಎಂಬ ಮಾತಿನಲ್ಲಿ ಆ 'ಕಡ್ಡಾಯ' ನನ್ನನ್ನು ಕಾಡುತ್ತದೆ.

ಮೊದಲನೆಯದಾಗಿ, ಕಾದಂಬರಿ ಪಠ್ಯಪುಸ್ತಕವಲ್ಲ. ಅಂಗಿಯ ಗುಂಡಿ ಎಂಥದ್ದು, ರೈಲು ಎಷ್ಟು ಗಂಟೆಗೆ ಹೊರಟಿತು ಎಂದು ತಾಳೆ ನೋಡುತ್ತ ಕುಳಿತರೆ ಮಕ್ಕಳ ಸಾಹಿತ್ಯ ಬೆಳೆಯುವುದಿಲ್ಲ. ಬಾಯ್ನ್ ಅವರ ಪುಸ್ತಕಕ್ಕೆ ಎಲ್ಲರೂ ಕಲ್ಲೆಸೆಯುತ್ತಾರೆ. ಅವರು ಅದನ್ನು ದೃಷ್ಟಾಂತಕಥೆಯೆಂದು ಮುಖಪುಟದ ಮೇಲೆಯೇ ಹೇಳಿಕೊಂಡಿದ್ದರೆಂಬುದನ್ನು ಮರೆಯುತ್ತಾರೆ. ಆಶ್ವಿಟ್ಜ್‌ನ ಮುಖ್ಯಾಧಿಕಾರಿ ರುಡಾಲ್ಫ್ ಹೆಸ್ ಹೆಂಡತಿ ಮಕ್ಕಳೊಂದಿಗೆ ಶಿಬಿರದ ಗೋಡೆಯ ಪಕ್ಕದ ಮನೆಯಲ್ಲಿಯೇ ವಾಸವಾಗಿದ್ದ. 1945ರ ಜನವರಿ 27ರಂದು ಸೋವಿಯತ್ ಸೈನಿಕರು ಅಲ್ಲಿಗೆ ತಲುಪಿದಾಗ 700ಕ್ಕೂ ಹೆಚ್ಚು ಮಕ್ಕಳು, ಕಿಶೋರರು ಜೀವಂತವಾಗಿದ್ದರು. ಅಪರೂಪವಾದದ್ದೆಲ್ಲ ಅಸಾಧ್ಯವಲ್ಲ. ಆ ಪುಸ್ತಕದಲ್ಲಿ ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ನಾನು ಮನಸಾರೆ ಹೇಳಬಯಸುವುದು ಬೇರೊಂದು. ಗುಲಾಮಗಿರಿಯ ದಾಖಲೆಗಳನ್ನು ಇಟ್ಟವರು ಯಾರು? ಅಮೆರಿಕದ 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ, ಅದರಡಿ ಗುಲಾಮರ ವಯಸ್ಸು, ಲಿಂಗ, ಬಣ್ಣ ಇದೆ. ಅವರ ಹೆಸರು ಬಹುಪಾಲು ಎಲ್ಲಿಯೂ ಇಲ್ಲ. ವಾಷಿಂಗ್ಟನ್ನರ ಬಾಣಸಿಗ ಹರ್ಕ್ಯುಲಿಸ್ ಓಡಿಹೋದ ಕೆಲವು ವಾರಗಳಿಗೆ, ಮುಂದೆ ಫ್ರಾನ್ಸಿನ ದೊರೆಯಾದ ಲೂಯಿ ಫಿಲಿಪ್ ಮೌಂಟ್ ವರ್ನನ್ನಿಗೆ ಬಂದಿದ್ದರು. ಅಪ್ಪನನ್ನು ಇನ್ನೆಂದೂ ನೋಡಲಾರೆನೆಂದು ದುಃಖವಾಗುವುದಿಲ್ಲವೇ ಎಂದು ಅವರ ಸೇವಕ ಹರ್ಕ್ಯುಲಿಸ್‌ನ ಆರು ವರ್ಷದ ಮಗಳನ್ನು ಮಾತನಾಡಿಸಿದ. ನನಗೆ ಬಹಳ ಸಂತೋಷವಾಗಿದೆ, ಅಪ್ಪ ಈಗ ಸ್ವತಂತ್ರ ಎಂದು ಅವಳೆಂದಳಂತೆ. ದೊರೆಮಗನೊಬ್ಬ ದಿನಚರಿಯಲ್ಲಿ ಬರೆದುಕೊಂಡದ್ದರಿಂದ ಆ ಒಂದು ಮಾತು ಉಳಿಯಿತು. ಅವಳು ಆ ರಾತ್ರಿ ಯಾರ ಪಕ್ಕದಲ್ಲಿ ಮಲಗಿದಳು, ಆ ಉತ್ತರವನ್ನು ಅವಳಿಗೆ ಅಮ್ಮ ಹೇಳಿಕೊಟ್ಟಿದ್ದಳೇ, ಎಲ್ಲಿಯೂ ಬರೆದಿಲ್ಲ. ದಾಖಲೆಗೆ ನಿಷ್ಠನಾಗಿರುವ ಕಾದಂಬರಿಕಾರ ಇಲ್ಲಿಗೆ ಲೇಖನಿ ಕೆಳಗಿಡಬೇಕಾಗುತ್ತದೆ.

ನನಗೆ ಇದು ಪುಸ್ತಕದ ಮಾತಷ್ಟೇ ಅಲ್ಲ. ಮಕ್ಕಳ ನಾಟಕವೊಂದರ ಕೆಲಸಕ್ಕಾಗಿ ಹಳಿಯಾಳ ತಾಲ್ಲೂಕಿನ ಸಿದ್ದಿಗಳ ಊರೊಂದರಲ್ಲಿ ಉಳಿದುಕೊಂಡಿದ್ದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಗಳಲ್ಲಿ ಬಹಳ ಮಂದಿಯ ಪೂರ್ವಜರು, ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ನಾನಿದ್ದ ಮನೆಯ ಅಜ್ಜಿ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕೌದಿ ಹೊಲಿಯುತ್ತಿದ್ದರು. ಅವರ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವಿಡದೆ ಅವರು ಕೌದಿ ಮುಗಿಸುವುದಿಲ್ಲ. ಐದನೆಯ ತರಗತಿಯ ಮೊಮ್ಮಗಳು ಶಾಲೆಯ ನಕ್ಷೆಯ ಪುಸ್ತಕ ತಂದು, "ಅಜ್ಜಿ, ಇದರಲ್ಲಿ ನಮ್ಮ ಊರು ಯಾವುದು?" ಎಂದು ಆಫ್ರಿಕದ ಪುಟ ತೋರಿಸಿದಳು. ಅಜ್ಜಿ ಬಹಳ ಹೊತ್ತು ಆ ಪುಟವನ್ನೇ ನೋಡಿದರು. "ನನ್ನ ಅಜ್ಜಿಗೂ ಗೊತ್ತಿರಲಿಲ್ಲ ಮಗಾ. ನಡೆದು ಬಂದದ್ದು ಮಾತ್ರ ಹೇಳುತ್ತಿದ್ದಳು" ಎಂದರು. ರಾತ್ರಿ ನಡೆದದ್ದು, ಹಗಲು ಮರದ ಮೇಲಿದ್ದದ್ದು, ಕೂಸು ಅಳದಂತೆ ಬಾಯಿಗೆ ಬಟ್ಟೆ ಒತ್ತಿದ್ದು. ಯಾವ ವರ್ಷ, ಯಾರ ಮನೆಯಿಂದ ಓಡಿದ್ದು, ಯಾವ ಹಾದಿ, ಒಂದೂ ಉಳಿದಿಲ್ಲ. ಹುಡುಗಿ ನಕ್ಷೆಯ ಪುಸ್ತಕ ಮುಚ್ಚಲಿಲ್ಲ, ಒಂದು ಊರಿನ ಮೇಲೆ ಬೆರಳಿಟ್ಟು, "ಇದು ಅಂತ ಇಟ್ಟುಕೊಳ್ಳೋಣವಾ?" ಎಂದಳು. ಅಜ್ಜಿ ಆಗಲಿ ಎಂದರು.

ಆ ಹುಡುಗಿಗೊಂದು ಕಾದಂಬರಿ ಬೇಕು. ಹಡಗು, ಗೋವೆಯ ಒಡೆಯನ ಮನೆ, ಘಟ್ಟದ ರಾತ್ರಿ, ಬಾಯಿಗೆ ಬಟ್ಟೆ ಒತ್ತಿದ ತಾಯಿ ಎಲ್ಲವೂ ಅದರಲ್ಲಿರಬೇಕು, ಆ ತಾಯಿಗೊಂದು ಹೆಸರೂ ಇರಬೇಕು. ಹೆಸರಿಗೆ ಆಧಾರ ಕೇಳಿದರೆ ಕೊಡಲು ನನ್ನ ಬಳಿ ಏನೂ ಇಲ್ಲ. ಆಧಾರವಿಲ್ಲವೆಂದು ಆ ಕಥೆಯನ್ನು ಬರೆಯದೆ ಬಿಟ್ಟರೆ, ಅವರ ಹೆಸರುಗಳನ್ನು ಬರೆದಿಡದ ಒಡೆಯರ ಮಾತೇ ಕೊನೆಯದಾಗುತ್ತದೆ. ಅದನ್ನು ನಾನು ಒಪ್ಪಲಾರೆ. ಯಾವುದು ಕಲ್ಪನೆ, ಯಾವುದು ಅಜ್ಜಿಯ ಬಾಯಿಂದ ಬಂದದ್ದು ಎಂದು ಪುಸ್ತಕದ ಕೊನೆಯಲ್ಲಿ ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಬರೆಯಬೇಕೆಂದರೆ, ಅಷ್ಟನ್ನು ಎದುರು ಪಕ್ಷದವರಿಗೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.