ಮಕ್ಕಳೆಲ್ಲಿ ಅಂತ ಕೇಳ್ದೆ, ಸ್ಕೂಲಲ್ಲಿ ಅಂದ್ರು

ಹೋದ ತಿಂಗಳು ಒಂದು ಗುರುವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಇಲ್ಲಿ ಡಾಲಸ್ಸಲ್ಲಿ ಒಂದು ಚಾರಿಟಿ ಲಂಚಿಗೆ ಹೋಗಿದ್ದೆ. ಶನಿವಾರ ಭಾನುವಾರ ಮನೇಲಿ ಊಟಕ್ಕೆ ಕಷ್ಟ ಇರೋ ಮಕ್ಕಳಿಗೆ ಆಹಾರದ ಚೀಲ ಕಳಿಸೋ ಒಂದು ಸಂಸ್ಥೆಗೆ ದುಡ್ಡು ಕೂಡಿಸೋಕೆ ಇಟ್ಟಿದ್ದ ಊಟ. ನಮ್ಮ ಆಫೀಸಿನ ಹಿರಿಯ ಮೇಡಂ ಒಬ್ರು ಟೇಬಲ್ ಹೋಸ್ಟ್ ಆಗಿದ್ರು, ಅಂದ್ರೆ ಹತ್ತು ಜನ ಕೂರೋ ಒಂದು ಟೇಬಲ್ ಒಪ್ಕೊಂಡು ಉಳಿದ ಒಂಬತ್ತು ಜನರನ್ನ ಅವರೇ ಕರ್ಕೊಂಡು ಬರ್ಬೇಕು. ಹೋಟೆಲಿನ ದೊಡ್ಡ ಹಾಲು, ಮೂವತ್ತು ಮೂವತ್ತೈದು ಟೇಬಲ್ಲು, ಮೇಯರ್ ಇದ್ರು, ಫೈರ್ ಚೀಫ್ ಇದ್ರು, ಚರ್ಚಿನ ಪಾಸ್ಟರು, ಕಾರ್ ಶೋರೂಮ್ ಇಟ್ಟಿರೋರು, ರಿಟೈರ್ ಆದ ಟೀಚರುಗಳು, ಹೀಗೆ ಊರಿನ ಗಣ್ಯರು ಅಂತೀವಲ್ಲ ಅವರೆಲ್ಲ ಸ್ಟೇಜ್ ಮೇಲಲ್ಲ, ನಮ್ಮ ಜೊತೇಲೇ ಕೆಳಗೆ ಕೂತಿದ್ರು. ನಾನು ಸುತ್ತ ನೋಡಿ ಮೇಡಂನ ಕೇಳ್ದೆ, ಮಕ್ಕಳೆಲ್ಲಿ ಅಂತ. ಯಾವ ಮಕ್ಕಳು ಅಂದ್ರು. ಅದೇ, ಈ ದುಡ್ಡು ಯಾರಿಗೆ ಹೋಗುತ್ತೋ ಆ ಮಕ್ಕಳು ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಹೇಳಿದ್ರು, ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆ, ಸ್ಕೂಲಲ್ಲಿರ್ತಾರೆ.

ಅವರು ಚುಚ್ಚೋಕೆ ಹೇಳಿದ್ದಲ್ಲ. ಆದ್ರೂ ತಟ್ಟೆ ಮುಂದಿದ್ರೂ ಸ್ವಲ್ಪ ಹೊತ್ತು ನಂಗೆ ತಿನ್ನಕ್ಕಾಗ್ಲಿಲ್ಲ. ಸಹಾಯ ತಗೊಳ್ಳೋ ಮಗು ಕೊಡೋರ ಮುಂದೆ ಬಂದು ನಿಲ್ಲಲೇಬೇಕು ಅನ್ನೋದು ನನ್ನ ತಲೇಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಅವತ್ತೇ ಗೊತ್ತಾಗಿದ್ದು. ಹಾಗೆ ನಿಂತಿದ್ದ ಮಗು ನಾನೇ.

1989, ನಾನು ಆರನೇ ಕ್ಲಾಸು, ಚಿತ್ರದುರ್ಗದ ಕಡೆ ಒಂದು ಫ್ರೀ ಹಾಸ್ಟೆಲ್ಲು. ಯಾವುದೋ ಸಂಘದೋರು ನೋಟ್ ಬುಕ್ಕು, ಸಿಹಿ ಊಟ ಕೊಡ್ತಾರೆ ಅಂತ ಬೆಳಗ್ಗೆಯಿಂದ ಸಂಭ್ರಮ. ಹನ್ನೊಂದಕ್ಕೆ ಬರ್ಬೇಕಾಗಿದ್ದ ಮುಖ್ಯ ಅತಿಥಿಗಳು ಬಂದಿದ್ದು ಎರಡು ಗಂಟೆಗೆ, ಅಲ್ಲೀವರ್ಗೂ ನಾವು ಶಾಮಿಯಾನದ ಆಚೆ ಬಿಸಿಲಲ್ಲಿ ಸಾಲಾಗಿ ಕೂತಿದ್ವಿ, ಪಾಯಸದ ಘಮ ಬರ್ತಾನೇ ಇತ್ತು. ಆಮೇಲೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಎಲ್ಲರದೂ ಎರಡೆರಡು ಮಾತು. ನನ್ನ ಸರದಿ ಬಂದಾಗ ನೋಟ್ ಬುಕ್ಕಿನ ಕಟ್ಟಿನ ಮೇಲೆ ಐದಾರು ದೊಡ್ಡ ಕೈ, ಕೆಳಗೆ ನನ್ನ ಎರಡು ಕೈ. ಫೋಟೋದೋರು ಸರಿ ಬರ್ಲಿಲ್ಲ ಇನ್ನೊಂದ್ಸಲ ಅಂದ್ರು, ಅದಕ್ಕೆ ಕಟ್ಟನ್ನ ನನ್ನ ಕೈಯಿಂದ ವಾಪಸ್ ತಗೊಂಡು ಮತ್ತೆ ಕೊಟ್ರು. ಆ ವಾಪಸ್ ತಗೊಂಡಿದ್ದು ಇವತ್ತಿಗೂ ಮರೆತಿಲ್ಲ. ಎರಡು ದಿನ ಬಿಟ್ಟು ಪೇಪರಲ್ಲಿ ಬಂತು, ಫೋಟೋ ಕೆಳಗೆ ಬಡ ವಿದ್ಯಾರ್ಥಿಗಳಿಗೆ ನೆರವು ಅಂತ. ಊರಲ್ಲಿ ಅಪ್ಪ ಟೀ ಕುಡಿಯೋ ಹೋಟ್ಲಲ್ಲಿ ಯಾರೋ ಪೇಪರ್ ಹಿಡ್ಕೊಂಡು ಇದು ನಿನ್ನ ಮಗ ಅಲ್ವೇನಯ್ಯ ಅಂದ್ರಂತೆ. ಅಪ್ಪ ನನ್ನ ಹತ್ರ ಇದರ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಅಮ್ಮ ಎಷ್ಟೋ ವರ್ಷ ಆದ್ಮೇಲೆ ಹೇಳಿದ್ದು, ನಿಮ್ಮಪ್ಪ ಒಂದು ವಾರ ಆ ಹೋಟ್ಲ ಕಡೆ ತಲೆ ಹಾಕ್ಲಿಲ್ಲ ಕಣೋ ಅಂತ.

ಅವತ್ತು ಲಂಚಲ್ಲಿ ಟೇಬಲ್ ಮಧ್ಯೆ ಹೂವಿನ ಬದ್ಲು ಒಂದೊಂದು ಚೀಲ ಇಟ್ಟಿದ್ರು. ಶುಕ್ರವಾರ ಮಕ್ಕಳು ಮನೆಗೆ ಒಯ್ಯೋದು ಅದನ್ನೇ. ತೆಗೆದು ನೋಡಿದ್ವಿ, ಎರಡು ಸೀರಿಯಲ್ ಪ್ಯಾಕು, ಫ್ರಿಜ್ ಇಲ್ದಿದ್ರೂ ಕೆಡದ ಹಾಲಿನ ಡಬ್ಬಿ, ಬಿಸಿನೀರು ಹಾಕಿದ್ರೆ ಆಗೋ ನೂಡಲ್ಸು, ಪೀನಟ್ ಬಟರು, ಹಣ್ಣಿನ ಕಪ್ಪು. ಚೀಲದ ಮೇಲೆ ಸಂಸ್ಥೆ ಹೆಸರಿಲ್ಲ, ದಾನಿಗಳ ಹೆಸರಿಲ್ಲ, ಮಾಮೂಲಿ ನೀಲಿ ಚೀಲ. ಯಾಕೆ ಅಂತ ಒಬ್ರು ವಾಲಂಟಿಯರ್ ಹೇಳಿದ್ರು. ಮಕ್ಕಳು ಆಟಕ್ಕೆ ಹೊರಗೆ ಹೋದಾಗ ಸ್ಕೂಲಿನ ಕೌನ್ಸೆಲರ್, ಅಂದ್ರೆ ಮಕ್ಕಳ ಕಷ್ಟಸುಖ ವಿಚಾರಿಸೋರು, ಬಂದು ಇದನ್ನ ಅವರ ಸ್ಕೂಲ್ ಬ್ಯಾಗಿನ ಒಳಗೇ ಇಟ್ಟು ಹೋಗ್ತಾರಂತೆ, ಪಕ್ಕದಲ್ಲಿ ಕೂರೋ ಮಗುವಿಗೂ ಗೊತ್ತಾಗ್ಬಾರ್ದು ಅಂತ. ಒಂದು ಹುಡುಗನ ಕಥೆ ಹೇಳಿದ್ರು, ಹೆಸರು ಬದಲಾಯಿಸಿದೀವಿ ಅಂತ ಮೊದಲೇ ಹೇಳಿ, ಯಾವ ಸ್ಕೂಲು ಯಾವ ಕ್ಲಾಸು ಏನೂ ಇಲ್ಲ. ಪರದೆ ಮೇಲೆ ಬಂದ ಫೋಟೋಗಳಲ್ಲಿ ಬರೀ ಕೈ, ಬರೀ ಬೆನ್ನು. ದುಡ್ಡು ಕೊಟ್ಟೋರ ಹೆಸರೆಲ್ಲ ದೊಡ್ಡದಾಗಿ ಬಂತು, ಬರ್ಲಿ, ಅದು ಅವರೇ ಇಷ್ಟಪಟ್ಟು ಕೊಟ್ಟ ಹೆಸರು. ಕೊನೇಲಿ ನಂಬರಿರೋ ಕಾರ್ಡು ಎತ್ತೋದು, ಅವರು ಕೂಗಿದಷ್ಟು ದುಡ್ಡು ಕೊಡೋರು ಕಾರ್ಡು ಎತ್ಬೇಕು, ಹತ್ತು ಸಾವಿರ ಡಾಲರಿಂದ ಶುರು ಮಾಡಿ ಇಳೀತಾ ನೂರಕ್ಕೆ ಬಂದ್ರು, ನಾನು ನೂರಕ್ಕೆ ಎತ್ತಿದೆ. ಒಂದು ಗಂಟೆಗೆ ಮುಗೀತು. ಆಮೇಲೆ ಬಂದ ರಸೀದೀಲಿ ಟಿಕೆಟ್ಟಿನ 150 ಡಾಲರಲ್ಲಿ 40 ನೀವು ತಿಂದ ಊಟದ್ದು, ದಾನ ಅಂತ ಲೆಕ್ಕಕ್ಕೆ ಬರೋದು 110 ಮಾತ್ರ ಅಂತಿತ್ತು. ಇಲ್ಲಿ ಟ್ಯಾಕ್ಸ್ ಕಾನೂನೇ ಹಾಗೆ, ಆದ್ರೂ ಆ ಸಾಲು ಓದಿ ಖುಷಿ ಆಯ್ತು, ತಿಂದಿದ್ದನ್ನ ದಾನ ಅಂತ ಬರ್ಕೊಳ್ಳೋ ಹಾಗಿಲ್ಲ.

ಅದೇ ವಾರ ನಮ್ಮೂರಿನ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಮುಖಂಡರ ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಹಣ್ಣು ಬ್ರೆಡ್ಡು ಹಂಚಿದ ಫೋಟೋ ಬಂತು, ಹದಿನಾಲ್ಕು ಫೋಟೋ. ಪ್ರತಿಯೊಂದರಲ್ಲೂ ಮಗು ಕ್ಯಾಮೆರಾ ನೋಡ್ತಿದೆ, ಯಾಕಂದ್ರೆ ನೋಡು ಅಂತ ಯಾರೋ ಹೇಳಿರ್ತಾರೆ. 1989ರಲ್ಲಿ ಒಂದು ಪೇಪರ್ ಒಂದು ದಿನಕ್ಕೆ ರದ್ದಿ ಆಗ್ತಿತ್ತು, ಈಗಿನ ಫೋಟೋ ಆ ಮಗು ದೊಡ್ಡದಾದ್ಮೇಲೂ ಎಲ್ಲೋ ಒಂದು ಕಡೆ ಉಳ್ದಿರುತ್ತೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಲ್ಲಿ ಕೇಸು, ವಿಚಾರಣೆ ವರದಿ ಮಾಡುವಾಗ ರಕ್ಷಣೆ ಬೇಕಿರೋ ಮಗುವಿನ ಹೆಸರು, ಫೋಟೋ ಹೊರಗೆ ಬಿಡಬಾರದು ಅಂತ ನಮ್ಮವರೇ ಬರೆದಿದಾರೆ. ಕೋರ್ಟಿಗೆ ಬಂದ ಮಗುವಿಗೆ ಇರೋ ಮರ್ಯಾದೆ ಬ್ರೆಡ್ಡಿಗೆ ಕೈ ಚಾಚಿದ ಮಗುವಿಗೆ ಯಾಕೆ ಬೇಡ? ಗ್ರೂಪಲ್ಲಿ ಇದನ್ನ ಬರೆದೆ, ಯಾರೂ ಉತ್ತರ ಕೊಡ್ಲಿಲ್ಲ, ಒಬ್ರು ಮಾತ್ರ ಕೈ ಮುಗಿಯೋ ಎಮೋಜಿ ಹಾಕಿದ್ರು. ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತ ಹೇಳ್ಕೊಂಡೇ ಬೆಳೆದ ಜನ ನಾವು, ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಇಷ್ಟು ಬರೆದ್ಮೇಲೆ ಹೆಂಡತಿಗೆ ಓದೋಕೆ ಕೊಟ್ಟೆ. ಅವಳು ಓದಿ, ಸರಿ, ಆದ್ರೆ ಮಗಳು ನಾಲ್ಕನೇ ಕ್ಲಾಸಲ್ಲಿದ್ದಾಗ ಏನಾಯ್ತು ಅದನ್ನ ಯಾಕೆ ಬರೀಲಿಲ್ಲ ಅಂದ್ಲು. ಬರೀಬೇಕು, ಬರೀತೀನಿ. ಇಲ್ಲಿ ಎಷ್ಟೋ ಸ್ಕೂಲಲ್ಲಿ ಮಕ್ಕಳಿಗೆ ಲಂಚ್ ಅಕೌಂಟ್ ಇರುತ್ತೆ, ನಂಬರ್ ಒತ್ತಿ ಊಟ ತಗೋಬೇಕು, ತೀರಾ ಬಡವರಿಗೆ ಫ್ರೀ, ಅದಕ್ಕಿಂತ ಸ್ವಲ್ಪ ಮೇಲಿರೋರಿಗೆ 40 ಸೆಂಟು, ಉಳಿದೋರು ಪೂರ್ತಿ ಕೊಡ್ಬೇಕು. ಮಗಳ ಗೆಳತಿ ಅಕೌಂಟಲ್ಲಿ ಬಾಕಿ ಜಾಸ್ತಿ ಆಗಿದೆ ಅಂತ ಬಿಸಿ ಊಟದ ಟ್ರೇ ವಾಪಸ್ ಇಸ್ಕೊಂಡು ತಣ್ಣಗಿನ ಚೀಸ್ ಸ್ಯಾಂಡ್‌ವಿಚ್ ಕೊಟ್ರಂತೆ, ಎಲ್ಲರ ಮುಂದೆ. ವಾಪಸ್ ತಗೊಳ್ಳೋದು ಇಲ್ಲೂ ಇದೆ. ಅಷ್ಟು ಗುಟ್ಟಾಗಿ ಬ್ಯಾಗೊಳಗೆ ಚೀಲ ಇಡಬೇಕಾಗಿ ಬಂದಿರೋದು ಯಾಕೆ ಅಂತಾನೂ ಯೋಚನೆ ಮಾಡ್ಬೇಕು, ಇಲ್ಲಿ ಹಸಿವು ಅಂದ್ರೆ ಒಬ್ಬೊಬ್ರೇ ಮುಚ್ಚಿಟ್ಕೊಳ್ಳೋ ವಿಷಯ.

ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾದಾಗಿಂದ ಸರ್ಕಾರಿ ಸ್ಕೂಲಿನ ಮಗುವಿಗೆ ಬಿಸಿಯೂಟಕ್ಕೆ ಅಕೌಂಟೂ ಇಲ್ಲ, ಬಾಕಿಯೂ ಇಲ್ಲ. ಈಗ ಒಂದರಿಂದ ಹತ್ತನೇ ಕ್ಲಾಸಿನ ತನಕ ಎಲ್ಲರೂ ತಟ್ಟೆ ಹಿಡ್ಕೊಂಡು ಕೂರ್ತಾರೆ, 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಎಲ್ಲರೂ ಉಣ್ಣೋ ಊಟದಲ್ಲಿ ಯಾರು ಬಡವರು ಅಂತ ಹುಡುಕೋ ಪ್ರಶ್ನೆಯೇ ಬರಲ್ಲ, ಮುಚ್ಚಿಡೋ ಕಷ್ಟವೂ ಇಲ್ಲ. ಸಿದ್ಧಗಂಗೆಗೆ ಹೋದಾಗ ಕಾರಲ್ಲಿ ಬಂದೋರು, ಬಸ್ಸಲ್ಲಿ ಬಂದೋರು ಎಲ್ಲರಿಗೂ ಅದೇ ಮುದ್ದೆ ಅದೇ ಸಾರು. 2019ರ ಜನವರಿ 21ಕ್ಕೆ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಮಠದ ಮಕ್ಕಳ ಊಟ ಮುಗಿದ ಮೇಲೇ ಸುದ್ದಿ ಹೇಳಿದ್ರು, ಮಕ್ಕಳು ಹಸ್ಕೊಂಡಿರ್ಬಾರ್ದು ಅಂತ. ಡಾಲಸ್ಸಿನ ಆ ಹಾಲಲ್ಲಿ ಇದ್ದ ನಾವು ಮುನ್ನೂರು ಜನ ಯಾರೂ ಆ ಮಕ್ಕಳ ಪಕ್ಕ ಕೂತು ಒಂದು ತುತ್ತು ತಿಂದೋರಲ್ಲ, ಇದನ್ನೂ ಒಪ್ಕೋತೀನಿ. ಆದ್ರೂ ಫೋಟೋ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ಮುಂದಿನ ತಿಂಗಳು ಅಪ್ಪನ ತಿಥಿ. ನಾನು ಓದಿದ ಹಾಸ್ಟೆಲ್ಲಲ್ಲೇ ಅವತ್ತು ಮಕ್ಕಳಿಗೆ ಊಟ ಹಾಕ್ಸೋಣ ಅಂತ ಚಿಕ್ಕಪ್ಪನ ಮಗನಿಗೆ ದುಡ್ಡು ಕಳಿಸಿದೆ, ಫೋಟೋ ಬೇಡ, ಬ್ಯಾನರ್ ಬೇಡ, ಅಪ್ಪನ ಹೆಸರೂ ಹೇಳೋದು ಬೇಡ, ನೀನೂ ಅವರ ಜೊತೆ ಸಾಲಲ್ಲಿ ಕೂತು ಊಟ ಮಾಡ್ಕೊಂಡು ಬಾ ಅಂದೆ. ಅವನು, ಅಣ್ಣಾ, ಫೋಟೋ ಇಲ್ದಿದ್ರೆ ನಾಳೆ ಮನೆಯೋರಿಗೆ ಏನು ತೋರಿಸ್ಲಿ ಅಂದ. ಅಕ್ಕಿ ಬೇಳೆ ತಂದ ಬಿಲ್ ಇರುತ್ತಲ್ಲ, ಅದನ್ನ ತೋರ್ಸು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಆಯ್ತು, ಪಾಯಸ ಹಾಲಿಂದು ಮಾಡ್ಸೋದಾ ಬೆಲ್ಲದ್ದಾ ಅಂತ ಕೇಳ್ದ.