ಮಿಂಚಿ ಹೋದ ಕಾರ್ಯ

ಮಿಂಚಿನ ಫೋಟೊ ತೆಗೆಯಲು ಹೊರಟವರು ಮೊದಲ ದಿನ ಮಾಡುವ ಕೆಲಸ ಒಂದೇ. ಕ್ಯಾಮೆರಾದ ಗುಂಡಿಯ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ, ಮಿಂಚಿದ ಕೂಡಲೇ ಒತ್ತುತ್ತಾರೆ. ಬರುವುದು ಕಪ್ಪು ಆಕಾಶ, ಅದೂ ಬಹಳ ಅಚ್ಚುಕಟ್ಟಾಗಿ. ಕಣ್ಣಿಗೆ ಕಂಡದ್ದು ಬೆರಳಿಗೆ ತಲುಪಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಎಷ್ಟೋ ಮಿಂಚುಗಳ ಇಡೀ ಆಯಸ್ಸೇ ಅಷ್ಟು. ಆದ್ದರಿಂದ ಇಲ್ಲಿ ಕ್ರಮ ತಿರುವುಮುರುವು: ಮೊದಲು ಶಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಕದ) ತೆರೆಯುವುದು, ಆಮೇಲೆ ಕಾಯುವುದು. ಬರುತ್ತೇನೆಂದು ಮಾತು ಕೊಡದ ನೆಂಟರಿಗೆ ಬಾಗಿಲು ತೆರೆದಿಟ್ಟು ಕೂತ ಹಾಗೆ.

ರಾತ್ರಿಯಾದರೆ ಇದು ಸುಲಭ. ಗಟ್ಟಿಯಾದ ಟ್ರೈಪಾಡ್, ಅಗಲ ನೋಟದ ಲೆನ್ಸ್, ಕೈ ತಾಗದಂತೆ ಒತ್ತಲು ಒಂದು ರಿಮೋಟ್. ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂದು ಹೇಳುವ ಐಎಸ್‌ಒ 100, ಬೆಳಕು ಬರುವ ಕಿಂಡಿಯಾದ ಅಪರ್ಚರ್ ಎಫ್ 8 (ಈ ಅಂಕೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಊರದೀಪಗಳ ಬೆಳಕಿದ್ದರೆ 8ರಿಂದ 10 ಸೆಕೆಂಡು, ಕಗ್ಗತ್ತಲಿದ್ದರೆ 30 ಸೆಕೆಂಡಿನವರೆಗೂ ಶಟರ್ ತೆರೆದಿರಬಹುದು. ಒಂದರ ಹಿಂದೊಂದು ಚಿತ್ರ ತೆಗೆಯುತ್ತಲೇ ಇರಬೇಕು. ಒಳ್ಳೆಯ ಕೋಲ್ಮಿಂಚು ಬಿದ್ದರೆ ಇನ್ನೊಂದರ ಆಸೆಗೆ ಅದೇ ಚಿತ್ರವನ್ನು ಎಳೆಯಬಾರದು; ಮೋಡದೊಳಗಿನ ಮಿನುಗುಗಳು ಸೇರಿಕೊಂಡು ಆಕಾಶವನ್ನೆಲ್ಲ ಬೆಳ್ಳಗಾಗಿಸುತ್ತವೆ.

ಹೊಸಬರನ್ನು ತಬ್ಬಿಬ್ಬು ಮಾಡುವ ಸಂಗತಿ ಇದು: ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಕೋಲ್ಮಿಂಚಿನ ಹೊಳಪು ಹೆಚ್ಚುವುದಿಲ್ಲ. ಅದು ಬಂದದ್ದೂ ಹೋದದ್ದೂ ಆ ಹೊತ್ತಿನ ಒಂದು ಚೂರಿನಲ್ಲಿ. ಸಮಯ ಕೂಡಿಸಿದಷ್ಟೂ ಬೆಳಗುವುದು ಆಕಾಶ ಮತ್ತು ನೆಲ ಮಾತ್ರ. ಮಿಂಚಿನ ಹೊಳಪಿಗೆ ಅಪರ್ಚರ್ ಮತ್ತು ಐಎಸ್‌ಒಗಳೇ ಹೊಣೆ. ಕೆಲವೇ ಸೆಂಟಿಮೀಟರ್ ದಪ್ಪದ ಮಿಂಚಿನ ದಾರಿ ಚಿತ್ರದಲ್ಲಿ ಊದಿಕೊಂಡು ಕೊಳವೆಯಂತೆ ಕಂಡರೆ ಅಪರ್ಚರನ್ನು ಎಫ್ 11ಕ್ಕೋ 16ಕ್ಕೋ ಕಿರಿದಾಗಿಸಬೇಕು. ದೂರದ ಮಿಂಚು ಮಸುಕಾಗಿದ್ದರೆ 5.6ಕ್ಕೆ ತೆರೆಯಬೇಕು. ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಇಟ್ಟುಕೊಂಡವರಿಗೆ ಉಳಿದದ್ದೆಲ್ಲ ಸಲೀಸು.

ಕೆಡುವುದು ಹೆಚ್ಚಾಗಿ ಫೋಕಸ್. ಲೆನ್ಸಿನ ಮೇಲೆ ಅನಂತದ, ಅಂದರೆ ಬಹುದೂರದ ಫೋಕಸ್‌ನ, ಗುರುತಿದೆಯೆಂದು ಉಂಗುರವನ್ನು ಕೊನೆಯವರೆಗೆ ತಿರುಗಿಸಿಬಿಟ್ಟರೆ ಎಷ್ಟೋ ಲೆನ್ಸುಗಳು ಅನಂತವನ್ನೂ ದಾಟಿ ನಿಲ್ಲುತ್ತವೆ! ದೂರದ ದೀಪವೊಂದನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಅದು ಚುಕ್ಕೆಯಾಗುವವರೆಗೆ ತಿರುಗಿಸಿ, ಆಟೊಫೋಕಸ್ ಆಫ್ ಮಾಡಿ, ಉಂಗುರಕ್ಕೆ ಟೇಪು ಅಂಟಿಸುವುದು ಕ್ಷೇಮ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ನಡುಕ ತಡೆಯುವ ಸೌಲಭ್ಯವೂ ಬೇಡ. ಶಟರ್ ಬಹಳ ಹೊತ್ತು ತೆರೆದಿಟ್ಟಾಗ ಚಿತ್ರದಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳನ್ನು (ನಾಯ್ಸ್) ತೆಗೆಯುವ ಸೌಲಭ್ಯವಂತೂ ಬೇಡವೇ ಬೇಡ. 20 ಸೆಕೆಂಡಿನ ಚಿತ್ರ ತೆಗೆದು ಕ್ಯಾಮೆರಾ ಇನ್ನು 20 ಸೆಕೆಂಡು ಕಣ್ಣು ಮುಚ್ಚಿ ಕೂರುತ್ತದೆ. ಜನ್ಮದಲ್ಲೇ ಅಂದದ ಮಿಂಚು ಬರುವುದು ಆಗಲೇ.

ಕಿಟಕಿಯ ಹಿಂದಿನಿಂದ ತೆಗೆಯುವುದು ಹೇಡಿತನವೇನಲ್ಲ. ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ಹತ್ತಿರ ತಂದು, ಸುತ್ತ ಕಪ್ಪು ಬಟ್ಟೆ ಕಟ್ಟಿದರೆ ಪ್ರತಿಬಿಂಬದ ಕಾಟವಿಲ್ಲ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿಲೋಮೀಟರಿನೊಳಗೆ ಬಂತೆಂದೇ ಅರ್ಥ. ಆಗ ಕಟ್ಟಡದೊಳಗೋ, ಲೋಹದ ಚಾವಣಿಯ ಕಾರಿನೊಳಗೋ ಇರಬೇಕು. ಕೊನೆಯ ಗುಡುಗಿನ ನಂತರವೂ 30 ನಿಮಿಷ ಹೊರಬರಬಾರದು. ಬಯಲಲ್ಲಿ ಟ್ರೈಪಾಡ್ ಹಿಡಿದು ನಿಂತವರ ಧೈರ್ಯವನ್ನು ಮೆಚ್ಚುವ ಅಗತ್ಯವಿಲ್ಲ.

ಇನ್ನು ಹಗಲು. ಇಲ್ಲಿ ಶಟರ್ ತೆರೆದಿಟ್ಟರೆ ಆಕಾಶವೇ ಸುಟ್ಟು ಬಿಳಿಯಾಗುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಅದು ಆಕಾಶವನ್ನು ತಗ್ಗಿಸುವಾಗ ಮಿಂಚನ್ನೂ ಅಷ್ಟೇ ತಗ್ಗಿಸುತ್ತದೆ, ಸಣ್ಣ ಕವಲುಗಳು ಅಳಿಸಿಯೇ ಹೋಗುತ್ತವೆ. ದಟ್ಟ ಮೋಡದ ಸಂಜೆ ಐಎಸ್‌ಒ 100, ಎಫ್ 16 ಇಟ್ಟರೆ ಫಿಲ್ಟರಿಲ್ಲದೆಯೂ ಕಾಲು ಸೆಕೆಂಡು ಸಿಕ್ಕೀತು. ಅಷ್ಟರಿಂದಲೇ ಬಿಡದೆ ಸಾಲುಚಿತ್ರ ತೆಗೆಯುವುದು ಮೇಲು.

ಇನ್ನೊಂದು ದಾರಿ ಮಿಂಚು ಕಂಡೊಡನೆ ತಾನೇ ಶಟರ್ ಒತ್ತುವ ಟ್ರಿಗರ್. ಅದು ಚುರುಕೇ, ಆದರೆ ಅದರ ಮಾತು ಕೇಳಿ ಕ್ಯಾಮೆರಾ ಎಚ್ಚೆತ್ತುಕೊಳ್ಳಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ಬೇಕಾಗಬಹುದು. ಒಂದು ಮಿಂಚು ಎಂದು ನಾವು ಕಾಣುವುದು ಸಾಮಾನ್ಯವಾಗಿ ಮೂರು-ನಾಲ್ಕು ಹೊಡೆತಗಳು, ಒಂದೊಂದರ ನಡುವೆ ಹೆಚ್ಚುಕಡಿಮೆ ಅಷ್ಟೇ ಬಿಡುವು. ಹಾಗಾಗಿ ಮೊದಲನೆಯದು ತಪ್ಪಿದರೂ ಮುಂದಿನದು ಸಿಗುತ್ತದೆ. ಚಿತ್ರ ಬಂತೆಂದು ಹಿಗ್ಗಿ ನೋಡಿದರೆ ಏನೋ ಬೋಳುಬೋಳು. ಕವಲುಗಳು ಬೆಳಗುವುದು ಮೊದಲ ಹೊಡೆತದಲ್ಲಿ. ಆಮೇಲಿನವು ಬಹುಮಟ್ಟಿಗೆ ಕಾಂಡದಲ್ಲೇ ಇಳಿಯುತ್ತವೆ. ಟ್ರಿಗರ್ ಚಿತ್ರಗಳಲ್ಲಿ ಕೊಂಬೆಯಿಲ್ಲದ ಮಿಂಚುಗಳು ಹೆಚ್ಚಾಗಿರುವುದು ಇದಕ್ಕೇ.

ಸಾಲುಚಿತ್ರದವರಿಗೆ ಕವಲುಗಳು ಸಿಗುತ್ತವೆ, ಜೊತೆಗೆ ಹತ್ತು ನಿಮಿಷಕ್ಕೆ ಎರಡು ಸಾವಿರದ ಹತ್ತಿರ ಬರೀ ಮೋಡದ ಚಿತ್ರಗಳೂ. ಅವನ್ನು ಬೆರಳಚ್ಚಿನಷ್ಟು ಸಣ್ಣ ಗಾತ್ರದಲ್ಲಿ ನೋಡಿ ಅಳಿಸಬಾರದು. ಹಗಲಿನ ತೆಳು ಮಿಂಚು ಎಷ್ಟೋ ಸಲ ಮಳೆಯ ಪರದೆಯ ಹಿಂದೆ, ದಿಗಂತದ ಪಕ್ಕದಲ್ಲಿ ಗೀರಿನಂತೆ ಇರುತ್ತದೆ. ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಅಂಚುಗಳನ್ನು ನೋಡಿದ ಮೇಲೆಯೇ ಡಿಲೀಟ್ ಒತ್ತಬಹುದು.